ಬಾಗಿಲ ಹಿಂದಿನ ಹೆಬ್ಬೆಟ್ಟು

ಫೆಬ್ರವರಿ ೧೧, ಭಾನುವಾರ

ತಂಗಿಗೆ ವಾರಕ್ಕೊಂದು ಕಾಗದ ಬರೆದು ಬರೆದೇ ನನಗೆ ಬರವಣಿಗೆ ಬಂದದ್ದು. ಶಾಲೆಯ ಮೆಟ್ಟಿಲು ಹತ್ತಿದ್ದು ಎರಡೇ ವರ್ಷ. ಮಿಕ್ಕದ್ದನ್ನೆಲ್ಲ ಅಂಗಡಿಯ ಬೋರ್ಡುಗಳು, ಪೊಟ್ಟಣ ಕಟ್ಟಿದ ಪತ್ರಿಕೆಗಳು, ಮಗಳ ಪಠ್ಯಪುಸ್ತಕಗಳು ಕಲಿಸಿದವು. ಈಗ ತಂಗಿಗೆ ಬರೆಯಲಾಗದ ಸಂಗತಿಯೊಂದು ಬಂದಿದೆ. ಬರೆದರೆ ಮರುದಿನವೇ ಬಸ್ಸು ಹತ್ತಿ ಬಂದು ನನ್ನ ಕಿವಿ ಹಿಂಡುತ್ತಾಳೆ, ಚಿಕ್ಕವಳಾದರೂ. ಅದಕ್ಕೇ ಶಾಲಾ ಮಕ್ಕಳ ಅಂಗಿ ಅಳತೆ ಬರೆದುಕೊಳ್ಳುವ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ, ಕೊನೆಯ ಹಾಳೆಯಿಂದ ಶುರು ಮಾಡಿದ್ದೇನೆ.

ಸಂಗತಿ ಇಷ್ಟೇ. ನಾವು ಒಂದು ಮನೆ ಕೊಳ್ಳುವವರಿದ್ದೇವೆ. ಇರುವುದಕ್ಕಲ್ಲ, ಬಾಡಿಗೆಗೆ ಕೊಡುವುದಕ್ಕೆ!

ಬರೆದದ್ದನ್ನು ಓದಿಕೊಂಡರೆ ನನಗೇ ನಗು ಬರುತ್ತದೆ. ನಲವತ್ತು ವರ್ಷ ಕಂಡವರ ಮನೆಗೆ ಬಣ್ಣ ಹೊಡೆದ ಗಂಡ, ಕಂಡವರ ಮಕ್ಕಳಿಗೆ ಬಟ್ಟೆ ಹೊಲಿದ ಹೆಂಡತಿ, ಇರುವುದು ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಆದರೆ ಇವರಿಗೆ ಮಂಡಿ ನೋವು, ಏಣಿ ಹತ್ತಲಾಗುವುದಿಲ್ಲ. ನನ್ನ ಕಣ್ಣು ಸೂಜಿಗೆ ದಾರ ಪೋಣಿಸುವಾಗ ಮೂರು ಸಲ ತಪ್ಪುತ್ತದೆ. ದಲ್ಲಾಳಿ ಹೇಳುವುದು, "ಅಕ್ಕಾ, ನೀವಿರೋದು ಅಗ್ಗದ ಬಾಡಿಗೆ ಮನೇಲಿ. ಇಲ್ಲೇ ಇರಿ. ಸ್ವಂತದ್ದನ್ನ ಇನ್ನೊಬ್ಬರಿಗೆ ಕೊಡಿ. ನೀವು ಕೂತಿರ್ತೀರಿ, ಮನೆ ದುಡೀತಿರುತ್ತೆ." ಅವನ ಮಾತು ಕೇಳಿದರೆ ಇರುವೆ ಮುತ್ತಬೇಕು. ನಾವು ಅವನಿಗೆ ಜೇನುಬಾಯಿ ಎಂದು ಹೆಸರಿಟ್ಟಿದ್ದೇವೆ.

ಮಗಳು ಬಸ್ ಕಂಡಕ್ಟರ್. ವಿಷಯ ಕೇಳಿ ಒಂದೇ ಮಾತು ಹೇಳಿದಳು: "ಅಮ್ಮಾ, ಟಿಕೆಟ್ ತಗೊಳ್ಳೋಕೆ ಮುಂಚೆ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಕೇಳು."

ಇವರು ನಕ್ಕರು. "ಗೋಡೆ ನೋಡೋಕೆ ನನಗಿಂತ ಬೇರೆಯೋರು ಬೇಕಾ? ಮುಟ್ಟಿ ನೋಡಿದ್ರೆ ಅದರ ಜಾತಕ ಹೇಳ್ತೀನಿ" ಎಂದರು. ಅದು ಸುಳ್ಳಲ್ಲ. ಅದೊಂದೇ ನಮ್ಮ ಬಂಡವಾಳ.

ಮಾರ್ಚ್ ೪, ಸೋಮವಾರ

ನೋಡಿ ಬಂದೆವು. ಓಣಿಯ ಕೊನೆಯ ಮನೆ. ಕೆಳಗೆ ಎರಡು ಕೋಣೆ, ಅಡುಗೆಮನೆ. ಮೇಲಿನ ಮನೆ ಬೇರೆಯವರದು, ಅದಕ್ಕೆ ಹೊರಗಿನಿಂದ ಮೆಟ್ಟಿಲು. ಹಿಂದಿನ ಕೋಣೆಯ ಕಿಟಕಿಯಿಂದ ಬೆಳಗಿನ ಬಿಸಿಲು ಒಂದು ಚಾಪೆಯಷ್ಟು ಬಿದ್ದಿತ್ತು. ಅಲ್ಲೇ ನಾನು ಸೋತೆ.

ನನ್ನ ಹೊಲಿಗೆ ಟೇಪನ್ನು ಕೊರಳಿಂದ ತೆಗೆದು ಕೋಣೆಗಳನ್ನು ಅಳೆದೆ. ಎದೆ, ಸೊಂಟ, ತೋಳು ಎಂದು ಗೆರೆ ಹಾಕಿದ ಹಾಳೆಯಲ್ಲೇ ಬರೆದುಕೊಂಡೆ. ಜೇನುಬಾಯಿ, "ಅಕ್ಕಾ, ಮನೆಗೆ ಅಂಗಿ ಹೊಲೀತೀರಾ?" ಎಂದು ಕೇಳಿದ. "ಬಿಗಿ ಆಗ್ಬಾರ್ದಲ್ಲಪ್ಪ" ಎಂದೆ.

ಇವರು ಗೋಡೆಗಳನ್ನು ನೋಡಿದರು. ಮೊದಲು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಆಮೇಲೆ ಅಂಗೈ ಹಿಂಬದಿಯಿಟ್ಟು ನಿಲ್ಲುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಹಿಂದಿನ ಕೋಣೆಯ ಗೋಡೆಯ ಮುಂದೆ ತುಂಬ ಹೊತ್ತು ನಿಂತರು.

"ಏನ್ರೀ?"

"ಇದನ್ನ ಹೊಡ್ದೋನು ಕೆಲಸ ಬಲ್ಲೋನು ಕಣೇ. ಎಲ್ಲೂ ಬ್ರಷ್ಷಿನ ಗೆರೆ ಕಾಣಲ್ಲ. ಒಳ್ಳೇ ಕೈ."

ಇನ್ನೊಬ್ಬರ ಕೆಲಸವನ್ನು ಇವರು ಹೊಗಳಿದ್ದನ್ನು ಈ ಮೂವತ್ತೆಂಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಅದಕ್ಕಿಂತ ದೊಡ್ಡ ಖಾತರಿ ಬೇಕೆ?

ಹೊರಡುವಾಗ ಮೇಲಿನ ಮನೆಯ ಟೀಚರಮ್ಮ ಮೆಟ್ಟಿಲ ಮೇಲೆ ಸಿಕ್ಕರು. ನಿವೃತ್ತರು, ಒಬ್ಬರೇ ಇದ್ದಾರೆ. ಇವರನ್ನು ನೋಡಿ "ಚೆನ್ನಾಗಿದೀರಾ?" ಎಂದರು. ಇವರೂ ಚೆನ್ನಾಗಿದೀನಿ ಎಂದರು. ಓಣಿ ದಾಟಿದ ಮೇಲೆ "ಯಾರೇ ಅವ್ರು?" ಎಂದು ನನ್ನನ್ನು ಕೇಳುತ್ತಾರೆ! ಬಣ್ಣದವರನ್ನು ಊರೆಲ್ಲ ಬಲ್ಲದು, ಬಣ್ಣದವರು ಊರನ್ನೆಲ್ಲ ಹೇಗೆ ನೆನಪಿಟ್ಟುಕೊಂಡಾರು.

ಮಾರ್ಚ್ ೧೯, ಮಂಗಳವಾರ

ನೋಂದಣಿ ಆಯಿತು. ಇದ್ದಬದ್ದ ಉಳಿತಾಯ ಹೋಯಿತು, ಮೇಲೆ ಬ್ಯಾಂಕಿನ ಸಾಲ. ಬಾಡಿಗೆ ಬಂದರೆ ಕಂತು ಕಟ್ಟಿ ಸ್ವಲ್ಪ ಉಳಿಯುತ್ತದೆ. ಬಾರದಿದ್ದರೆ ಎಂದು ಯೋಚಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂತೆವು. ಇವರು ರುಜು ಹಾಕಲು ಪೆನ್ನು ಹಿಡಿದು ಹಾಗೇ ಕುಳಿತುಬಿಟ್ಟರು. ಗುಮಾಸ್ತ ಎರಡು ಸಲ ತೋರಿಸಿದ, ಇಲ್ಲಿ, ಇಲ್ಲಿ ಎಂದು. ಇವರು ನನ್ನ ಮುಖ ನೋಡಿದರು. ನಾನು ಕಣ್ಣು ಬಿಟ್ಟು ಹೆದರಿಸಿದೆ. ಆಮೇಲೆ ಹಾಕಿದರು. ದೊಡ್ಡ ಕಚೇರಿಯೆಂದರೆ ಇವರಿಗೆ ಮೊದಲಿನಿಂದಲೂ ಅಳುಕು.

ಸಂಜೆ ಮಗಳು ಬಂದು ಕೀಲಿಯನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟು ಹಗುರ ಇದ್ಯಲ್ಲಮ್ಮ" ಎಂದಳು.

ಏಪ್ರಿಲ್ ೬, ಶನಿವಾರ

ಬಣ್ಣ ಮುಗಿಯಿತು. ತಿಳಿಹಸಿರು. ಕೂಲಿಗೆ ಬೇರೆಯವರನ್ನು ಕರೆಯೋಣ ಎಂದರೆ ಕೇಳಲಿಲ್ಲ. "ನನ್ನ ಮನೆಗೆ ಇನ್ನೊಬ್ಬ ಬಣ್ಣ ಹೊಡೀತಾನಾ?" ಎಂದು ರೇಗಿದರು. ಏಣಿಯ ಎರಡು ಮೆಟ್ಟಿಲಷ್ಟೇ ಹತ್ತಿದರು, ನಾನು ಹಿಡಿದು ನಿಂತೆ. ಎತ್ತರದ್ದನ್ನು ಕೋಲಿಗೆ ಬ್ರಷ್ ಕಟ್ಟಿ ಹೊಡೆದರು.

ಇವರಿಗೊಂದು ಅಭ್ಯಾಸವಿದೆ. ಕೆಲಸ ಮುಗಿದ ಮೇಲೆ ಬಾಗಿಲ ಹಿಂದೆ, ಕೆಳಗಿನ ಮೂಲೆಯಲ್ಲಿ, ಹಸಿ ಬಣ್ಣದಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಯಾರಿಗೂ ಕಾಣುವ ಜಾಗವಲ್ಲ. "ಓದಿದೋರು ರುಜು ಹಾಕ್ತಾರೆ, ನಂದಿದು" ಎನ್ನುತ್ತಾರೆ. ಇವತ್ತು ಹಿಂದಿನ ಕೋಣೆಯ ಬಾಗಿಲ ಹಿಂದೆ ಕೂತವರು ನನ್ನನ್ನು ಕೂಗಿದರು.

"ಬಾರೇ ಇಲ್ಲಿ! ನೋಡು, ಯಾರೋ ನನ್ನ ಹಾಗೇ ಒತ್ತವ್ನೆ."

ಕೆನೆ ಬಣ್ಣದ ಹಳೆಯ ಗೋಡೆಯಲ್ಲಿ ಒಂದು ಹೆಬ್ಬೆಟ್ಟಿತ್ತು. ಇಷ್ಟು ದಿನ ನಾನೊಬ್ಬನೇ ಅಂದುಕೊಂಡಿದ್ದೆನಲ್ಲ ಎಂದು ಇವರಿಗೆ ಒಂದೇ ಖುಷಿ. ಅದರ ಮೇಲೆ ಬಣ್ಣ ಹಚ್ಚಲಿಲ್ಲ. "ಒಬ್ಬ ಕೆಲಸಗಾರನ ಗುರುತು, ಅಳಿಸ್ಬಾರ್ದು" ಎಂದು ಅಂಗೈಯಗಲ ಜಾಗ ಹಾಗೇ ಬಿಟ್ಟು, ಪಕ್ಕದಲ್ಲಿ ತಮ್ಮದನ್ನು ಒತ್ತಿದರು. ಕೆನೆ ಒಂದು, ಹಸಿರು ಒಂದು. ಇಬ್ಬರು ಗೆಳೆಯರು ಕೂತ ಹಾಗೆ.

ಮನೆಗೆ ಬಂದು ಮತ್ತೆ ಕೈ ತೊಳೆದುಕೊಂಡರು. ಅರ್ಧ ಗಂಟೆ ಬಿಟ್ಟು ಮತ್ತೆ. "ಇನ್ನೆಷ್ಟು ಸಲ ತೊಳೀತೀರ್ರೀ, ಚರ್ಮಾನೇ ಹೋಗುತ್ತೆ" ಎಂದೆ. "ಈಗ ತಾನೇ ಬಂದ್ನಲ್ಲೇ" ಎಂದರು. ದಣಿವು.

ಮೇ ೨, ಗುರುವಾರ

ಬಾಡಿಗೆಯವರು ಬಂದರು! ಬೇಕರಿಯಲ್ಲಿ ಕೆಲಸ ಮಾಡುವ ಹುಡುಗ, ಅವನ ಹೆಂಡತಿ, ಐದು ತಿಂಗಳ ಹೆಣ್ಣುಮಗು. ಮಗುವಿನ ಕೆನ್ನೆ ಅವನು ಬೇಯಿಸುವ ಬನ್ನಿನಂತೆಯೇ ಇದೆ. ಹಿಂದಿನ ಕೋಣೆಯಲ್ಲಿ ಬಿಸಿಲು ಬೀಳುವ ಕಡೆಗೇ ತೊಟ್ಟಿಲು ಇಟ್ಟರು. ಕಿಟಕಿಗೆ ಪರದೆ ನಾನೇ ಹೊಲಿದುಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಮನೆ ಯಜಮಾನಿ ಎಂದರೆ ಅಷ್ಟು ದೊಡ್ಡ ಮನಸ್ಸು ಬೇಡವೇ?

ಯಜಮಾನಿ. ಆ ಹುಡುಗಿ ಹಾಗೆ ಕರೆದಾಗ ತಿರುಗಿ ನೋಡಿದೆ, ಯಾರನ್ನೋ ಕರೆದಳು ಎಂದು.

ಮೇ ೨೦, ಸೋಮವಾರ

ಇವತ್ತು ಸಿಟ್ಟು ಬಂತು. ಪರದೆಯ ಸರಳು ಕೊಟ್ಟು ಬನ್ನಿ ಎಂದು ಆ ಮನೆಗೆ ಕಳಿಸಿದರೆ, ಮಧ್ಯಾಹ್ನ ಹೋದವರು ಕತ್ತಲಾಗುವ ಹೊತ್ತಿಗೆ ಬಂದರು, ಸರಳು ಕೈಯಲ್ಲೇ ಇದೆ. ಮಗಳ ಬಸ್ಸಿನವರು ಯಾರೋ ಗುರುತು ಹಿಡಿದು ಕರೆತಂದರಂತೆ. "ಓಣಿ ಬದಲಾಯಿಸ್ಬಿಟ್ಟವ್ರೆ ಕಣೇ" ಎಂದರು. ಬೈದೆ. ಏನೇನೋ ಅಂದೆ. ಸುಮ್ಮನೆ ಕೇಳಿಸಿಕೊಂಡರು, ಅದೂ ಸಿಟ್ಟು ತರಿಸಿತು. ಮೊದಲಾದರೆ ಎದುರು ಎರಡು ಮಾತು ಆಡುತ್ತಿದ್ದರು.

ಜೂನ್ ೧೭, ಸೋಮವಾರ

ಹತ್ತು ದಿನದಿಂದ ಬಿಡದೆ ಮಳೆ. ಬೇಕರಿ ಹುಡುಗನ ಹೆಂಡತಿ ಕರೆಕಳಿಸಿದಳು. ಹಿಂದಿನ ಕೋಣೆಯ ಗೋಡೆಯಲ್ಲಿ, ನೆಲದಿಂದ ನನ್ನ ಸೊಂಟದವರೆಗೆ, ತಿಳಿಹಸಿರು ಬಣ್ಣ ಉಬ್ಬಿ ನಿಂತಿದೆ. ಒತ್ತಿದರೆ ಪುಸಕ್ಕೆಂದು ನೀರು. ಕೆಳಗೆ ಕಪ್ಪು ಬೂಷ್ಟು. ಮಗು ಕೆಮ್ಮುತ್ತಿತ್ತು, ಎದೆಯಲ್ಲಿ ಸಣ್ಣ ಸೀಟಿ. ಆ ಹುಡುಗಿ ನನಗೆ ಒಂದು ಮಾತೂ ಅನ್ನಲಿಲ್ಲ. ತೊಟ್ಟಿಲನ್ನು ಅಡುಗೆಮನೆಗೆ ಎಳೆದಿದ್ದಳು, ಅಷ್ಟೇ.

ಟೇಪು ತೆಗೆದು ಒದ್ದೆಯನ್ನು ಅಳೆದೆ. ಮೂವತ್ತೊಂಬತ್ತು ಇಂಚು. ಯಾಕೆ ಅಳೆದೆನೋ.

ಇವರಿಗೆ ಹೇಳಿದರೆ, "ಯಾವ ಮನೆ?" ಎಂದರು.

ಜುಲೈ ೯, ಮಂಗಳವಾರ

ಬಾಡಿಗೆಯವರು ಮೊನ್ನೆ ಖಾಲಿ ಮಾಡಿದರು. ಮುಂಗಡ ವಾಪಸು ಕೊಡಲು ಮಗಳ ಮುಂದೆ ಕೈಯೊಡ್ಡಿದೆ. "ಟಿಕೆಟ್ ಹರಿದಾಯ್ತು ಬಿಡಮ್ಮ, ಈಗ ಕೂತ್ಕೊಂಡು ಹೋಗೋದೇ" ಎಂದು ಕೊಟ್ಟಳು.

ಇವತ್ತು ಬೂಷ್ಟು ಕೆರೆಯಲು ಒಬ್ಬಳೇ ಹೋಗಿದ್ದೆ. ಟೀಚರಮ್ಮ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತರು.

"ಮತ್ತೆ ಬಂತಾ?" ಎಂದರು.

"ಮತ್ತೆ ಅಂದ್ರೆ?"

ಅವರು ನನ್ನನ್ನೇ ನೋಡಿದರು. "ಈ ಗೋಡೆ ಹಿಂದೆ ಹಳೇ ಬಾವಿ ಇತ್ತಲ್ಲಮ್ಮ, ಕಲ್ಲುಮಣ್ಣು ತುಂಬಿ ಮುಚ್ಚಿದ್ದು. ಪ್ರತಿ ಮಳೆಗೂ ನೀರು ಏರುತ್ತೆ. ನಿಮ್ಮ ಯಜಮಾನ್ರೇ ಅಲ್ವಾ ಎರಡು ವರ್ಷದ ಹಿಂದೆ ಇದನ್ನ ಮುಚ್ಚಿ ಬಣ್ಣ ಹೊಡೆದಿದ್ದು? ಹದಿನೈದು ದಿನ ಇಲ್ಲೇ ಕೆಲಸ ಮಾಡಿದ್ರು, ನಾನೇ ಟೀ ಕೊಡ್ತಿದ್ದೆ. ಹಳೇ ಮಾಲೀಕರ ಹತ್ರ ಜಗಳಾನೂ ಆಡಿದ್ರು, ಮಾರೋದಾದ್ರೆ ಕೊಳ್ಳೋರಿಗೆ ಹೇಳಿ ಅಂತ. ಅವರೇ ಕೊಂಡ ಮೇಲೆ, ಗೊತ್ತಿದ್ದೇ ಕೊಂಡಿರ್ತಾರೆ, ನಾನ್ಯಾಕೆ ಬಾಯಿ ಹಾಕ್ಲಿ ಅಂದ್ಕೊಂಡೆ."

ಅವರು ಹೋದ ಮೇಲೆ ಬಾಗಿಲ ಹಿಂದೆ ಕೂತೆ. ಎರಡು ಹೆಬ್ಬೆಟ್ಟು. ಇವರ ಬಲ ಹೆಬ್ಬೆರಳಿಗೆ ಮದುವೆಯಾದ ವರ್ಷ ಕೆರೆಯುವ ತಗಡು ಕೊಯ್ದು, ಓರೆಯಾಗಿ ಒಂದು ಗೆರೆ ಉಳಿದಿದೆ. ಗಾಯಕ್ಕೆ ಬಟ್ಟೆ ಸುತ್ತಿದವಳು ನಾನೇ. ಹಸಿರಿನಲ್ಲೂ ಆ ಗೆರೆ ಇತ್ತು. ಕೆನೆಯಲ್ಲೂ ಇತ್ತು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ಸಂಜೆ ಟೀ ಕುಡಿಯುತ್ತ, "ಒಂದು ಗೋಡೆ ಅಳ್ತಾ ಇದೆ ಕಣೇ" ಎಂದಿದ್ದರು. ನಾನು ಕಾಜಾ ಹೊಲಿಯುತ್ತಿದ್ದೆ. ಯಾವ ಮನೆ ಎಂದು ಕೇಳಬಹುದಿತ್ತು. ಅಳಲಿ ಬಿಡಿ, ಟೀ ಆರಿಹೋಗುತ್ತೆ ಎಂದಿದ್ದೆ.

ಜುಲೈ ೧೦, ಬುಧವಾರ

ಯಾರ ಮೇಲೆ ಸಿಟ್ಟು ಮಾಡಲಿ?

ಜುಲೈ ೨೪, ಬುಧವಾರ

ಮಗಳು ರಜೆ ಹಾಕಿ ಇವರನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ನಾನೂ ಹೋದೆ. ಇದು ಯಾವ ತಿಂಗಳು ಎಂದು ಕೇಳಿದರು. ಇವರು ಡಾಕ್ಟರ ಹಿಂದಿನ ಗೋಡೆ ನೋಡುತ್ತ, "ಬಣ್ಣ ಹೊಡೆಯೋ ತಿಂಗಳಲ್ಲ ಬಿಡಿ, ಗಾಳೀಲಿ ತೇವ ಇದೆ" ಎಂದರು. ಡಾಕ್ಟರು ನಗಲಿಲ್ಲ.

ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ನನಗೆ ಓದಲು ಬರಲಿಲ್ಲ. ಯಾವ ಬೋರ್ಡಿನಲ್ಲೂ ಕಂಡ ಪದವಲ್ಲ. ಶುರುವಾಗಿ ಒಂದೆರಡು ವರ್ಷ ಆಗಿರಬಹುದಂತೆ. ಮನೆಯವರಿಗೆ ಗೊತ್ತಾಗಲಿಲ್ವಾ ಎಂದು ಕೇಳಿದರು. ಮನೆಗೆ ಬಂದು ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಎಲ್ಲ ಬರೆದಿದ್ದೇನೆ, ಒಂದೂ ಬಿಟ್ಟಿಲ್ಲ. ಕೈ ಬರೆಯಿತು, ಕಣ್ಣು ನೋಡಲಿಲ್ಲ.

ಸೆಪ್ಟೆಂಬರ್ ೧೫, ಭಾನುವಾರ

ಎರಡು ಕಂತು ತಪ್ಪಿತು. ಮೂರನೆಯದಕ್ಕೆ ಬ್ಯಾಂಕಿನ ಕಾಗದ ಬಂದಿದೆ.

ಜೇನುಬಾಯಿ ಬಂದಿದ್ದ. ತನಗೆ ಬಾವಿಯ ವಿಷಯ ಗೊತ್ತೇ ಇರಲಿಲ್ಲ ಎಂದು ಕೈ ಮುಗಿದ. ನಂಬಿದೆನೋ ಬಿಟ್ಟೆನೋ. "ಅಕ್ಕಾ, ಮಳೆ ನಿಂತಿದೆ. ಅಣ್ಣ ಎರಡು ವರ್ಷದ ಹಿಂದೆ ಹೆಂಗೆ ಮುಚ್ಚಿದ್ರೋ ಹಂಗೇ ಇನ್ನೊಂದ್ಸಲ ಮುಚ್ಲಿ. ಗಿರಾಕಿ ನಾನು ತರ್ತೀನಿ. ಹಾಕಿದ್ದು ಬಂದ್ರೆ ಸಾಕಲ್ವಾ? ಎಲ್ರೂ ಮಾಡೋದೇ. ನಿಮಗೂ ಹಂಗೇ ತಾನೇ ಸಿಕ್ಕಿದ್ದು?"

ಮಗಳು ಮುಖ ತಿರುಗಿಸಿ ಕೂತಳು. ಬೇಡ ಎನ್ನಲಿಲ್ಲ. ಅವಳೂ ಎಷ್ಟು ಅಂತ ಕೊಟ್ಟಾಳು? ಔಷಧಿಯೂ ಅವಳದೇ.

ನಾನು ಹ್ಞೂಂ ಎಂದೆ. ಬರೆದಿಡುತ್ತೇನೆ, ಹ್ಞೂಂ ಎಂದವಳು ನಾನೇ.

ಅಕ್ಟೋಬರ್ ೨೨, ಮಂಗಳವಾರ

ಮನೆಯ ದಾರಿ ಮರೆತವರ ಕೈಗಳಿಗೆ ಕೆಲಸ ಮರೆತಿಲ್ಲ. ಹನ್ನೆರಡು ದಿನ ಇವರನ್ನು ಕೈ ಹಿಡಿದು ಆ ಮನೆಗೆ ಕರೆದೊಯ್ದೆ. ಕೆರೆದರು, ಒಣಗಿಸಿದರು, ಕಪ್ಪು ಲೇಪ ಬಳಿದರು, ಪುಟ್ಟಿ ಹಚ್ಚಿದರು, ಉಪ್ಪುಕಾಗದದಿಂದ ಉಜ್ಜಿದರು. ಎಲ್ಲಿ ಎಷ್ಟು ಒತ್ತಬೇಕು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಹಾಡನ್ನೂ ಗುನುಗಿದರು. ಎಷ್ಟೋ ತಿಂಗಳ ಮೇಲೆ ಇವರನ್ನು ಹಾಗೆ ನೋಡಿದೆ. ಗೋಡೆ ಇವತ್ತು ಮೊಟ್ಟೆಯ ಸಿಪ್ಪೆಯಂತಾಯಿತು. ನೋಡಿದವರು ಯಾರೂ ಅನುಮಾನ ಪಡುವುದಿಲ್ಲ.

ಬಾಗಿಲ ಹಿಂದೆ ಮೂರನೆಯ ಹೆಬ್ಬೆಟ್ಟು ಒತ್ತಿ, ಮೆಲ್ಲಗೆ ಎದ್ದು, ಕೈ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತರು. ಗೌರವದಿಂದ, ಒಂದು ಮಾರು ದೂರದಲ್ಲಿ.

"ಅಮ್ಮಾವ್ರೇ, ಕೆಲಸ ಮುಗೀತು. ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಹೇಳಿ" ಎಂದೆ.

"ಈ ಗೋಡೆ ಹಿಂದೆ ನೀರಿದೆ. ನಾನು ಮುಚ್ಚಿದೀನಿ ಅಷ್ಟೇ, ನಿಲ್ಸಿಲ್ಲ. ಎರಡು ಮಳೆಗಾಲ ತಡೀಬಹುದು. ನೀವು ಮಾರೋದಾದ್ರೆ ಕೊಳ್ಳೋರಿಗೆ ಹೇಳ್ಬಿಡಿ. ಯಾರೋ ಪಾಪ, ಜೀವಮಾನದ ದುಡ್ಡು ತಂದು ಹಾಕ್ತಾರೆ."

"ಹೇಳ್ದಿದ್ರೆ?" ಎಂದೆ. ಯಾಕೆ ಕೇಳಿದೆನೋ.

ಇವರು ನೆಲ ನೋಡಿದರು. "ನನ್ನ ಹೆಂಡ್ತಿಗೂ ಒಂದು ಮನೆ ಅಂದ್ರೆ ಆಸೆ. ಬಾಯಿಬಿಟ್ಟು ಕೇಳಲ್ಲ, ಬೆಳಗ್ಗಿಂದ ಸಂಜೆವರ್ಗೂ ಮಿಷನ್ ತುಳೀತಾಳೆ. ಇಂಥದ್ದು ಅವಳಿಗೆ ಗಂಟು ಬಿದ್ರೆ ನನ್ನ ಹೊಟ್ಟೆ ಉರಿಯಲ್ವಾ?"

"ಹೇಳ್ತೀನಿ" ಎಂದೆ.

"ಖಂಡಿತ?"

"ಖಂಡಿತ ಹೇಳ್ತೀನಿ."

ಕೈ ಮುಗಿದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನು ಆ ಹೊಸ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಸೀರೆಗೆಲ್ಲ ಬಣ್ಣವಾಯಿತು.

ನವೆಂಬರ್ ೩, ಭಾನುವಾರ

ಗಿರಾಕಿ ಬಂದರು. ಲಾರಿ ಓಡಿಸುವ ಒಬ್ಬಾತ, ಜೊತೆಗೆ ಅವನ ಅಕ್ಕ. ಆಕೆ ಕಿಟಕಿಯ ಬಿಸಿಲು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಸೋತಳು ಎಂದು. ಬೆಲೆಯ ಮಾತು ಶುರುವಾಗುವ ಮುಂಚೆಯೇ ಬಾವಿಯ ವಿಷಯ ಹೇಳಿಬಿಟ್ಟೆ. ಆಕೆ ನನ್ನ ಕೈಯನ್ನೊಮ್ಮೆ ಹಿಡಿದು, ತಮ್ಮನನ್ನು ಕರೆದುಕೊಂಡು ಹೋದಳು.

ಜೇನುಬಾಯಿಯ ಜೇನೆಲ್ಲ ಇಳಿದುಹೋಗಿತ್ತು. "ಅಷ್ಟೊಂದು ಬಟ್ಟೆ ಹೊಲೀತೀರಿ, ಬಾಯಿಗೆ ಒಂದು ಹೊಲಿಗೆ ಹಾಕ್ಕೊಳ್ಳೋಕೆ ಬರಲ್ವೇನಕ್ಕ?" ಎಂದ.

"ದಾರ ಪೋಣಿಸೋಕೆ ಕಣ್ಣು ಕಾಣಲ್ಲಪ್ಪ" ಎಂದೆ.

ಮಗಳು ಬೈಯುತ್ತಾಳೆ ಎಂದುಕೊಂಡಿದ್ದೆ. ಕೇಳಿ, ತುಂಬ ಹೊತ್ತು ಇವರ ತಲೆ ಸವರುತ್ತ ಕೂತಿದ್ದಳು. "ಸರಿ, ಆ ಮನೇಲಿ ನೀವೇ ಇರಿ. ಇಲ್ಲಿನ ಬಾಡಿಗೆ ಉಳಿಯುತ್ತಲ್ಲ, ಅದು ಕಂತಿಗೆ. ಮಿಕ್ಕಿದ್ದು ನೋಡೋಣ" ಎಂದಳು.

ನವೆಂಬರ್ ೩೦, ಶನಿವಾರ

ಬಂದು ವಾರವಾಯಿತು. ಮುಂದಿನ ಕೋಣೆಯಲ್ಲಿ ಮಲಗುತ್ತೇವೆ. ಹಿಂದಿನದರಲ್ಲಿ ನನ್ನ ಮಿಷನ್, ಗೋಡೆಯಿಂದ ಎರಡಡಿ ದೂರ. ಹೊಲಿಗೆ ಹೆಚ್ಚು ಒಪ್ಪಿಕೊಂಡಿದ್ದೇನೆ. ನಾನು ತುಳಿಯುವಾಗ ಟೀಚರಮ್ಮ ಇವರನ್ನು ನೋಡಿಕೊಳ್ಳುತ್ತಾರೆ, ಅದಕ್ಕೆ ಅವರ ಮನೆಯ ದಿಂಬು, ಪರದೆಗಳ ಹೊಲಿಗೆಯೆಲ್ಲ ನನ್ನದು. ತಂಗಿಗೆ ನಿನ್ನೆ ಎಲ್ಲ ಬರೆದು ಹಾಕಿದೆ. ಬಂದು ಕಿವಿ ಹಿಂಡಲಿ. ಯಾರಾದರೂ ಹಿಂಡಿದರೆ ಸಾಕಾಗಿದೆ.

ಇವತ್ತು ಬೆಳಿಗ್ಗೆ ಇವರು ಬಿಸಿಲಲ್ಲಿ ಕೂತಿದ್ದವರು ಎದ್ದು, ಗೋಡೆಯ ಮೇಲೆ ಅಂಗೈ ಹಿಂಬದಿ ಇಟ್ಟು ನೋಡಿದರು.

"ಈ ಮನೆ ಯಾರದಮ್ಮ?"

"ನಮ್ದೇ."

"ಕೊಂಡ್ರಾ?"

"ಹ್ಞೂಂ."

"ಈ ಗೋಡೆ ವಿಷಯ ನಿಮಗೆ ಯಾರಾದ್ರೂ ಹೇಳಿದ್ರಾ?"

"ಹೇಳಿದ್ರು. ಬಣ್ಣ ಹೊಡೆಯೋರು."

ಇವರ ಮುಖ ಬೆಳಗಿತು. ಮತ್ತೆ ಬಿಸಿಲಿಗೆ ಬಂದು ಕೂತರು.

"ಹಂಗಾದ್ರೆ ಒಳ್ಳೇ ಮನುಷ್ಯ" ಎಂದರು.

ಟೀ ಆರುವ ಮೊದಲು ಲೋಟವನ್ನು ಕೈಗೆ ಕೊಟ್ಟು, ನಾನೂ ಪಕ್ಕದಲ್ಲಿ ಕೂತೆ.